ನರಸಬಾಯಿಯ ಚಪರಾಸಿ

ಸರ್ವರಿ ಬೇಗಂ ಆ ನಾಯಿಮರಿಯನ್ನು ರಾಯಚೂರಿನಿಂದ ದೇವದುರ್ಗಕ್ಕೆ ತಂದದ್ದು ಔಷಧಿ ಬಾಟಲಿಗಳು ಬಂದಿದ್ದ ಒಂದು ರಟ್ಟಿನ ಡಬ್ಬಿಯಲ್ಲಿ. ಅದು ೧೯೭೩ರ ಡಿಸೆಂಬರ್. ಆಗ ಅವರಿಗೆ ಇಪ್ಪತ್ತೊಂಬತ್ತು ವರ್ಷ. ಮದುವೆಯಾದ ಎರಡನೇ ವರ್ಷಕ್ಕೆ ಗಂಡ ತೀರಿಕೊಂಡ ಮೇಲೆ ನರ್ಸ್ ತರಬೇತಿ ಮುಗಿಸಿ, ದೇವದುರ್ಗದಿಂದ ಏಳು ಮೈಲಿ ಒಳಗಿರುವ ಹಳ್ಳಿಯೊಂದರ ಆರೋಗ್ಯ ಉಪಕೇಂದ್ರಕ್ಕೆ ಬಂದಿದ್ದರು. ಆ ಕೇಂದ್ರಕ್ಕೆ ಐದು ಊರು. ಐದಕ್ಕೂ ನಡೆದೇ ಹೋಗಬೇಕು. ಜಾಲಿಗಿಡಗಳ ನಡುವಿನ ಕಾಲುದಾರಿಯಲ್ಲಿ ಗಂಟೆಗಟ್ಟಲೆ ಒಬ್ಬರೂ ಸಿಗುತ್ತಿರಲಿಲ್ಲ. ಸಿಕ್ಕವರೆಲ್ಲ ಒಳ್ಳೆಯವರಾಗಿರುತ್ತಿರಲಿಲ್ಲ. ಒಂದು ನಾಯಿ ಸಾಕಬೇಕೆಂದು ಅವರು ನಿರ್ಧರಿಸಿದ್ದು ಹೀಗೆ.

ರಾಯಚೂರಿನಲ್ಲಿ ಹತ್ತಿ ವ್ಯಾಪಾರಿಗಳು ಸೇರಿ ನಡೆಸುತ್ತಿದ್ದ ಪ್ರಾಣಿದಯಾ ಕೊಟ್ಟಿಗೆಯೊಂದಿತ್ತು. ಹಾಲು ಬತ್ತಿದ ಆಕಳು, ಕಣ್ಣು ಹೋದ ಟಾಂಗಾ ಕುದುರೆ, ಲಾರಿಗೆ ಸಿಕ್ಕು ಕಾಲು ಮುರಿದ ಆಡು, ಎಲ್ಲಕ್ಕೂ ಅಲ್ಲಿ ಜಾಗ. ಒಂದು ಮೂಲೆಯಲ್ಲಿ ತಗಡು ಹೊದಿಸಿ ನಾಯಿಗಳನ್ನು ಇಟ್ಟಿದ್ದರು. ನೋಡಿಕೊಳ್ಳುತ್ತಿದ್ದವನು ಪಕೀರಪ್ಪ.

"ಎಂಥಾದು ಬೇಕ್ರಿ ಬಾಯಿ?" ಎಂದು ಅವನು ಕೇಳಿದ.

"ಸಣ್ಣದಿರ್ಲಿ. ಭಾಳ ತಿನ್ನಬಾರ್ದು."

ಪಕೀರಪ್ಪ ಸಣ್ಣ ಮರಿಗಳನ್ನು ಬಿಟ್ಟು, ಬೂದು ಬಣ್ಣದ ಒಂದನ್ನು ಎತ್ತಿ ಅವರ ಮುಂದೆ ಇಳಿಸಿದ. ಎರಡು ತಿಂಗಳ ಮರಿ, ಆದರೆ ಪಂಜಾಗಳು ಬೆಳೆದ ನಾಯಿಯವು. ತಾಯಿ ಕುರಿಗಾರರ ನಾಯಿ, ತಂದೆ ಯಾವುದೋ ಎಂಜಿನಿಯರ್ ಬಂಗಲೆಯ ಅಲ್ಸೇಷಿಯನ್ ಎಂದು ಅವನ ಅಂದಾಜು.

"ಇದನ್ನ ಒಯ್ರಿ. ಹತ್ತು ಮಂದಿ ಬಂದು ನೋಡ್ಯಾರ. ಕಾಲು ನೋಡಿ, ಇದರ ಹೊಟ್ಟಿಗಿ ಯಾರು ಹಾಕ್ತಾರಂತ ಬಿಟ್ಟು ಹೋಗ್ಯಾರ."

"ನಾನೂ ಅದನ್ನೇ ಅಂತೀನಿ."

"ಅನ್ರಿ. ಆದ್ರ ಅದು ನಿಮ್ಮ ಮಾತು ಕೇಳಾಕತ್ತಿಲ್ಲ."

ಮರಿ ಅವರ ಚಪ್ಪಲಿಯ ಮೇಲೆ ಕೂತಿತ್ತು. ಕಾಲು ಎಳೆದುಕೊಂಡರೆ ಜೊತೆಗೇ ಸರಿಯಿತು. ಸರ್ವರಿ ಬೇಗಂ ರಿಜಿಸ್ಟರಿನಲ್ಲಿ ರುಜು ಹಾಕಿದರು. ಸಾಕಲಾಗದಿದ್ದರೆ ಬೀದಿಗೆ ಬಿಡದೆ ಕೊಟ್ಟಿಗೆಗೇ ವಾಪಸು ತರಬೇಕು ಎಂಬುದು ಅಲ್ಲಿನ ಒಂದೇ ಷರತ್ತು.

ತಾಯಿ ಇಮಾಮ್ ಬೀ ಡಬ್ಬಿಯೊಳಗೆ ಇಣುಕಿ ನೋಡಿದರು. "ಯೇ ಕುತ್ತೇ ಕಾ ನೈ, ಗಧೇ ಕಾ ಬಚ್ಚಾ ಹೈ" ಎಂದರು. ನಾಯಿಯದಲ್ಲ, ಕತ್ತೆಯ ಮರಿ ಎಂದು. ನಮಾಜ್ ಮಾಡುವ ಮನೆಯೊಳಗೆ ಅದು ಕಾಲಿಟ್ಟರೆ ಆ ಮನೆಯಲ್ಲಿ ತಾನು ನೀರೂ ಮುಟ್ಟುವುದಿಲ್ಲ ಎಂದೂ ಹೇಳಿದರು. ಮಗಳು ಒಪ್ಪಿಕೊಂಡರು. ಉಪಕೇಂದ್ರದ ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ಮರಿಯ ವಾಸ. ನಮಾಜಿಗೆಂದು ಬೇರೆ ಸೀರೆ ಒಳಗಿನ ಗೂಟದಲ್ಲಿ ತೂಗುತ್ತಿತ್ತು. ಹೊಸ್ತಿಲ ಹತ್ತಿರ ಬಂದಾಗಲೆಲ್ಲ ಗದರಿಸಿಕೊಂಡು ಬೆಳೆದ ಆ ನಾಯಿ ಮುಂದೆ ಯಾರ ಮನೆಯ ಹೊಸ್ತಿಲನ್ನೂ ದಾಟಲಿಲ್ಲ. ಹಾಗಾಗಿ ಎಲ್ಲ ಓಣಿಗಳೂ ಅದನ್ನು ಒಪ್ಪಿಕೊಂಡವು.

ವರ್ಷದೊಳಗೆ ಅದು ಸರ್ವರಿ ಬೇಗಂ ಅವರ ಸೊಂಟದೆತ್ತರ ಬೆಳೆಯಿತು. ಜೊತೆಯಲ್ಲಿ ನಡೆಯುವ ಅಭ್ಯಾಸ ಮಾತ್ರ ಅದಕ್ಕೆ ಬರಲೇ ಇಲ್ಲ. ಕೂಗಳತೆಯಷ್ಟು ಮುಂದೆ ನಡೆಯುವುದು, ನಿಂತು ಹಿಂದೆ ನೋಡುವುದು, ಮತ್ತೆ ಮುಂದೆ. ಊರು ಹತ್ತಿರವಾದರೆ ಓಡಿ ಹೋಗಿ ಅಗಸಿ ಬಾಗಿಲಲ್ಲಿ ಕೂರುತ್ತಿತ್ತು. ಅದನ್ನು ಕಂಡ ಹೆಂಗಸರು ಕೂಸುಗಳ ಮುಖ ತೊಳೆಸಿ, ಒಲೆಯ ಕೆಲಸ ಮುಗಿಸಿ ಕಟ್ಟೆಗೆ ಬರುತ್ತಿದ್ದರು. ನೀಲಿ ಅಂಚಿನ ಬಿಳಿ ಸೀರೆ, ಕೈಯಲ್ಲಿ ತಗಡಿನ ಪೆಟ್ಟಿಗೆ ಹಿಡಿದ ನರ್ಸ್ ಬರುವಷ್ಟರಲ್ಲಿ ಸಾಲು ಸಿದ್ಧ. ಆ ಬೆಳಗುಗಳ ಬಗ್ಗೆ ಹೇಳುವಾಗ ಸರ್ವರಿ ಬೇಗಂ ಅವರ ದನಿ ಇಂದಿಗೂ ನಿಧಾನವಾಗುತ್ತದೆ. ಜೋಳದ ರೊಟ್ಟಿ ಬಡಿಯುವ ಸದ್ದು ಊರ ಹೊರಗೇ ಕೇಳುತ್ತಿತ್ತು, ಅದು ನಿಂತಿತೆಂದರೆ ನಾಯಿ ಊರು ಮುಟ್ಟಿದೆ ಎಂದು ಅರ್ಥ, ಎನ್ನುತ್ತಾರೆ.

ಹೆಸರಿಟ್ಟವಳು ಅಂಬಮ್ಮ. ಆ ಐದು ಊರುಗಳಲ್ಲಿ ಒಂದರವಳು, ನಾಲಿಗೆ ಚುರುಕಿನ, ಕೂಲಿ ಮಾಡುವ ಹೆಂಗಸು.

"ತಹಶೀಲ್ದಾರ ಬರೂಕಿಂತ ಮುಂಚೆ ಚಪರಾಸಿ ಬರ್ತಾನಲ್ಲ, ಹಂಗ ನಮ್ಮ ನರಸಬಾಯಿಗೂ ಒಬ್ಬ ಬಂದಾನ ನೋಡ್ರವ್ವಾ" ಎಂದಳು ಒಂದು ದಿನ. "ಪಗಾರ ಎಷ್ಟ್ರಿ ಇವಗ?"

"ಎರಡು ರೊಟ್ಟಿ" ಎಂದರು ಸರ್ವರಿ ಬೇಗಂ.

"ನಮ್ಮ ಮನ್ಯಾಗ ಒಂದು ತಿಂದಾನ. ಲಂಚ ಅಂತ ಬರಕೋರಿ."

೧೯೭೬ರಲ್ಲಿ ಕಾಲ ಬದಲಾಯಿತು. ತುರ್ತು ಪರಿಸ್ಥಿತಿಯ ಎರಡನೇ ವರ್ಷ. ಒಬ್ಬೊಬ್ಬ ನರ್ಸ್ ಇಂತಿಷ್ಟು ಗಂಡಸರನ್ನು ಸಂತಾನಹರಣ ಆಪರೇಷನ್ನಿಗೆ ಕರೆತರಬೇಕೆಂದು ಮೇಲಿನಿಂದ ಸಂಖ್ಯೆ ಬರುತ್ತಿತ್ತು. ಇಷ್ಟಪಟ್ಟು ಬಂದವರನ್ನು ಸರ್ವರಿ ಬೇಗಂ ಕರೆದೊಯ್ದರು. ಸಂಖ್ಯೆ ತುಂಬಲಿಲ್ಲ. ಇತ್ತ ಚಪರಾಸಿ ಅಗಸಿಯಲ್ಲಿ ಕಾಣಿಸಿದರೆ ಸಾಕು, ಗಂಡಸರು ಹಿತ್ತಲಿನಿಂದ ತೊಗರಿ ಹೊಲಗಳಿಗೆ ಇಳಿಯತೊಡಗಿದರು.

ಮೇಲ್ವಿಚಾರಣೆಗೆ ಬರುತ್ತಿದ್ದ ಹೆಲ್ತ್ ಇನ್‌ಸ್ಪೆಕ್ಟರ್ ವೆಂಕೋಬ ಕೆಟ್ಟ ಮನುಷ್ಯನಲ್ಲ. ಅವನ ತಲೆಯ ಮೇಲೂ ಒಂದು ಸಂಖ್ಯೆ ಇತ್ತು. ಸೆಪ್ಟೆಂಬರ್ ತಿಂಗಳಲ್ಲಿ ಒಂದು ಸಂಜೆ ಅವನು ಹೆಸರುಗಳ ಪಟ್ಟಿ ಹಿಡಿದು ಬಂದ. ಮರುದಿನ ನಸುಕಿಗೆ ಅಂಬಮ್ಮನ ಊರಿಗೆ ಹೋಗುವುದು, ಪಟ್ಟಿಯಲ್ಲಿದ್ದವರನ್ನು ಹಳ್ಳದ ಈಚೆ ನಿಲ್ಲುವ ಜೀಪಿಗೆ ಹತ್ತಿಸುವುದು ಎಂದು ಹೇಳಿದ. ಅಂಬಮ್ಮನ ಮಗನ ಹೆಸರೂ ಅದರಲ್ಲಿತ್ತು. ಅವನಿಗೆ ಇಪ್ಪತ್ನಾಲ್ಕು ವರ್ಷ. ಹೆಂಡತಿ ಸೂಗಮ್ಮ ಬಂದು ಎಂಟು ತಿಂಗಳಾಗಿತ್ತು.

"ಇವಗ ಇನ್ನಾ ಮಕ್ಕಳೇ ಆಗಿಲ್ಲಲ್ರಿ" ಎಂದರು ಸರ್ವರಿ ಬೇಗಂ.

"ಪಟ್ಟಿ ನಾ ಮಾಡಿಲ್ಲ್ರಿ ಬಾಯಿ. ನೀವು ನಾಯಿ ಕಟ್ಟಿ ಹಾಕಿ ಬರ್ರಿ, ಅಷ್ಟ ಸಾಕು."

ಅವರು ಕಟ್ಟಿದರು. ಬಾವಿಯ ಹಗ್ಗ ಅಲ್ಲೇ ಗೂಟದಲ್ಲಿತ್ತು. ಅದನ್ನು ಮುಟ್ಟದೆ ಬ್ಯಾಂಡೇಜಿನ ಬಟ್ಟೆಯಿಂದ ಕಟ್ಟಿದರು. ಯಾಕೆ ಎಂದು ಈಗ ಕೇಳಿದರೆ ಅವರು ಸುತ್ತಿಬಳಸುವುದಿಲ್ಲ: "ಗೊತ್ತಿದ್ದೇ ಕಟ್ಟೀನಿ."

ಹಳ್ಳಕ್ಕೆ ಸೇತುವೆ ಇರಲಿಲ್ಲ. ಜೀಪು ಈಚೆಗೇ ನಿಂತಿತು. ಮುಂದಿನ ಒಂದು ಮೈಲಿ ನಡಿಗೆ. ಅರ್ಧ ದಾರಿಯಲ್ಲಿ ಹಿಂದಿನಿಂದ ಬಂದ ನಾಯಿ ವೆಂಕೋಬನ ಪಕ್ಕದಲ್ಲೇ ಹಾದು ಹೋಯಿತು. ಕೊರಳಲ್ಲಿ ಬಿಳಿ ಬಟ್ಟೆಯ ತುಂಡು ನೇತಾಡುತ್ತಿತ್ತು. ಅವರು ಊರು ಮುಟ್ಟಿದಾಗ ಅಗಸಿಯಲ್ಲಿ ಚಪರಾಸಿ ಕೂತಿತ್ತು, ಒಳಗೆ ಒಬ್ಬ ಗಂಡಸೂ ಇರಲಿಲ್ಲ. ಅಂಬಮ್ಮ ಅಂಗಳ ಗುಡಿಸುತ್ತಿದ್ದಳು.

"ಮಗ ಎಲ್ಲಿ?" ಎಂದ ವೆಂಕೋಬ.

"ಬೆಳಿಗ್ಗಿ ಎದ್ದು ಗಂಡಸ್ರು ಎಲ್ಲಿ ಹೋಗ್ತಾರ್ರಿ ಸಾಹೇಬ್ರ? ತಂಬಿಗಿ ತಗೊಂಡು ಹೋಗ್ಯಾನ. ಕೂಡ್ರಿ, ಬರ್ತಾನ."

ಮಧ್ಯಾಹ್ನದವರೆಗೆ ಕೂತರೂ ಯಾರೂ ಬರಲಿಲ್ಲ. ವಾಪಸಾಗುವಾಗ ವೆಂಕೋಬ ಒಂದೇ ಮಾತು ಹೇಳಿದ: "ವಾರದಾಗ ಈ ನಾಯಿ ತಂದಲ್ಲೇ ಬಿಟ್ಟು ಬರ್ರಿ. ಇಲ್ಲಂದ್ರ ನಿಮ್ಮನ್ನ ಎತ್ತಂಗಡಿ ಮಾಡ್ತಾರ. ನನ್ನ ಕೈಯಾಗೇನಿಲ್ಲ."

ಮೂರು ವರ್ಷ ನಡೆದು ಕಟ್ಟಿಕೊಂಡ ಐದು ಊರುಗಳ ವಿಶ್ವಾಸ ಒಂದು ಕಡೆ, ನಾಯಿ ಒಂದು ಕಡೆ. ಸರ್ವರಿ ಬೇಗಂ ಊರುಗಳನ್ನು ಆರಿಸಿಕೊಂಡರು. ನಾಯಿ ಹೋದರೂ ತಾನು ಇಲ್ಲೇ ಇದ್ದರೆ ಹೇಗಾದರೂ ಅಡ್ಡ ನಿಲ್ಲಬಹುದು ಎಂಬುದು ಅವರ ಲೆಕ್ಕ. ಭಾನುವಾರ ಚಪರಾಸಿಯನ್ನು ರಾಯಚೂರಿನ ಬಸ್ಸಿಗೆ ಹತ್ತಿಸಿದರು. ಕಲ್ಮಲದಲ್ಲಿ ಜನ ಹತ್ತಿ ಬಸ್ಸು ತುಂಬಿದಾಗ ಕಂಡಕ್ಟರ್, "ಇವಗೂ ಒಂದು ಟಿಕೆಟ್ ತಗೋರ್ರಿ, ಇಬ್ಬರ ಜಾಗ ಹಿಡದಾನ" ಎಂದು ಗೊಣಗಿದ.

ಕೊಟ್ಟಿಗೆಯಲ್ಲಿ ಪಕೀರಪ್ಪ ನಾಯಿಯ ಸುತ್ತ ಒಂದು ಸುತ್ತು ಬಂದ.

"ಚಲೋ ಸಾಕೀರಿ. ಬಿಟ್ಟು ಹೋಗಾಕ ಬಂದೀರಿ, ಹೌದಲ್ಲ?"

"ಯಾರಾದ್ರೂ ಒಳ್ಳೆಯವ್ರು ಒಯ್ತಾರೇನು?"

"ಸುಳ್ಳು ಹೇಳಂಗಿಲ್ಲ್ರಿ ಬಾಯಿ. ಇಷ್ಟು ದೊಡ್ಡ ನಾಯಿನ ಯಾರೂ ಒಯ್ಯಂಗಿಲ್ಲ. ಸರಪಳಿ ಹಾಕಿ ಇಡ್ತೀನಿ. ಇರೂತನ ಇರ್ತದ."

ಸರ್ವರಿ ಬೇಗಂ ಕಲ್ಲಿನ ಮೇಲೆ ಸುಮಾರು ಹೊತ್ತು ಕೂತರು. ಪಕೀರಪ್ಪ ತಂದ ಸರಪಳಿ ಮೂರು ಮೊಳ ಉದ್ದವಿತ್ತು. ದಿನಕ್ಕೆ ಎಂಟು ಮೈಲಿ ನಡೆಯುವ ನಾಯಿ. ಅವರು ಎದ್ದು, ಸಂಜೆಯ ಬಸ್ಸಿಗೆ ಅದನ್ನು ಕರೆದುಕೊಂಡೇ ದೇವದುರ್ಗಕ್ಕೆ ಮರಳಿದರು. ಹನ್ನೊಂದನೇ ದಿನ ವರ್ಗಾವಣೆಯ ಆದೇಶ ಬಂತು: ಮಾನ್ವಿ ತಾಲ್ಲೂಕು, ಹಿರೇಕೊಟ್ನೆಕಲ್.

ಅಲ್ಲಿ ಅವರನ್ನು ಬಲ್ಲವರಿರಲಿಲ್ಲ. ನರ್ಸ್ ಎಂದರೆ ಆಪರೇಷನ್ ಎಂದಷ್ಟೇ ಜನಕ್ಕೆ ಗೊತ್ತಿತ್ತು. ಚಪರಾಸಿ ಮುಂದೆ ನಡೆದಂತೆ ಒಂದೊಂದೇ ಬಾಗಿಲು ಮುಚ್ಚುತ್ತಿತ್ತು. ಮಾರ್ಚಿನಲ್ಲಿ ಚುನಾವಣೆ ಮುಗಿದು ಸರ್ಕಾರ ಬದಲಾಯಿತು, ಬಾಗಿಲುಗಳು ಬದಲಾಗಲಿಲ್ಲ. ಒಂಬತ್ತು ತಿಂಗಳಲ್ಲಿ ಆ ಊರಿನ ಒಂದು ಹೆರಿಗೆಗೂ ಅವರನ್ನು ಕರೆಯಲಿಲ್ಲ. ಸರಪಳಿಗೆ ಬಿಟ್ಟು ಬಂದಿದ್ದರೆ ದೇವದುರ್ಗದಲ್ಲೇ ಇರುತ್ತಿದ್ದೆನಲ್ಲ ಎಂದು ಅನಿಸಿದ ದಿನಗಳುಂಟು. ಅದನ್ನು ಅವರು ಮುಚ್ಚಿಡುವುದಿಲ್ಲ.

೧೯೭೭ರ ಜುಲೈ. ಮೊದಲ ಮಳೆ ಬಿದ್ದು ಹೊಲ ಹದವಾಗಿತ್ತು. ಎರಡು ಬಸ್ಸು ಬದಲಿಸಿ ಅಂಬಮ್ಮ ಬಂದಿಳಿದಳು, ಜೊತೆಗೆ ತುಂಬು ಬಸುರಿ ಸೂಗಮ್ಮ. ಚಪರಾಸಿ ಅಂಬಮ್ಮನ ಹೆಗಲ ಮೇಲೆ ಕಾಲಿಟ್ಟು ಅವಳನ್ನು ಕೆಡವಿಯೇ ಬಿಟ್ಟಿತು.

"ದೇವದುರ್ಗದಾಗ ದವಾಖಾನಿ ಇಲ್ಲೇನು?" ಎಂದು ಸರ್ವರಿ ಬೇಗಂ ಗದರಿಸಿದರು. "ಈ ಹೊಟ್ಟಿ ಹೊತ್ಕೊಂಡು ಬಸ್ಸಿನಾಗ ಬರ್ತಾರ?"

"ಬೈಯ್ರಿ. ಬೈಸಿಕೊಳ್ಳಾಕ ಬಂದೀನಿ. ಇದು ನಿಮ್ಮ ಕೈಯಾಗೇ ಆಗಬೇಕು."

ನಾಲ್ಕನೇ ದಿನ ಬೆಳಿಗ್ಗೆ ಗಂಡು ಕೂಸು ಹುಟ್ಟಿತು. ನರ್ಸ್ ಮನೆಯಿಂದ ಕೂಸಿನ ಅಳು ಕೇಳಿ ಎದುರು ಮನೆಯ ಅಮರಮ್ಮ ಮೊದಲ ಸಲ ಅಂಗಳಕ್ಕೆ ಬಂದಳು.

"ಯಾವೂರವ್ವಾ ನಿಮ್ದು?"

"ದೇವದುರ್ಗದ ಕಡಿ."

"ಅಷ್ಟು ದೂರದಿಂದ ಈ ನರಸಬಾಯಿನ ಹುಡಿಕ್ಯಾಡಿ ಬಂದ್ರಿ? ನಮ್ಮೂರಾಗ ಈಕಿನ್ನ ಕಂಡ್ರ ಗಂಡಸ್ರು ಓಡ್ತಾರ."

"ನಮ್ಮೂರಾಗೂ ಓಡಿದ್ರು" ಎಂದಳು ಅಂಬಮ್ಮ. "ಓಡ್ಲಿ ಅಂತನ ಈಕಿ ನಾಯಿ ಮುಂದ ಕಳಿಸಿದ್ಳು. ಅವತ್ತು ಇದು ಬರ್ಲಿಲ್ಲಂದ್ರ ನನ್ನ ಮಗನ್ನ ಜೀಪಿಗೆ ಹಾಕ್ಕೊಂಡು ಹೋಗ್ತಿದ್ರು. ಈ ಕೂಸು ಎಲ್ಲಿಂದ ಬರ್ತಿತ್ತು? ಅದಕ್ಕ ಈಕಿನ್ನ ಇಲ್ಲಿಗಿ ಒಗದಾರ. ನಿಮಗ ಗೊತ್ತಿಲ್ಲೇನು?"

ಅಮರಮ್ಮ ಗಿಡದ ಕೆಳಗೆ ಮಲಗಿದ್ದ ನಾಯಿಯನ್ನು ನೋಡುತ್ತ ನಿಂತಳು. ಆಮೇಲೆ ಮನೆಗೆ ಹೋಗಿ, ಬಾಣಂತಿಗೆಂದು ಒಂದು ಚರಿಗೆ ಬಿಸಿನೀರು ತಂದಿಟ್ಟಳು. ಹೊರಡುವವಳು ಮತ್ತೆ ತಿರುಗಿದಳು.

"ನರಸಬಾಯಿ, ನನ್ನ ಸೊಸಿಗಿ ಏಳನೇ ತಿಂಗಳು ನಡದದ. ಕಾಲು ಬಾತಾವ. ನಿಮಗ ಹೇಳಿಲ್ಲ."

"ಈಗ ಬರ್ಲೇನು?"

"ಬರ್ರಿ. ಹಿತ್ತಲಿಂದ ಬ್ಯಾಡ, ಓಣಿ ಒಳಗಿಂದ ಬರ್ರಿ. ನಾಯಿ ಮುಂದ ಇರ್ಲಿ, ಎಲ್ಲಾರೂ ನೋಡ್ಲಿ."

ಸರ್ವರಿ ಬೇಗಂ ತಗಡಿನ ಪೆಟ್ಟಿಗೆ ಎತ್ತಿಕೊಂಡರು. ಆ ದಿನ ಅಮರಮ್ಮನ ಮನೆಯಿಂದ ಅವರಿಗೆ ನೇರವಾಗಿ ಹಿಂದಿರುಗಲಾಗಲಿಲ್ಲ. ದಾರಿಯಲ್ಲಿ ಇನ್ನೂ ಎರಡು ಮನೆಯವರು ಒಳಗೆ ಕರೆದರು.