ವಿಜಯಕುಮಾರ ಮೇಷ್ಟ್ರ ಬೆಂಚಿನ ಖೋಖೋ

ಚಂದ್ರನ ಮೇಲೆ ಮನುಷ್ಯ ಆಡಿದ ಆಟ ಯಾವುದು ಎಂದು ನಮ್ಮ ಶಾಲೆಯ ಯಾವ ಮಗುವನ್ನಾದರೂ ಕೇಳಿ. ಗಾಲ್ಫ್ ಎನ್ನುತ್ತದೆ. ಶಟಲ್ ಕಾಕಿಗೆ ಎಷ್ಟು ಗರಿ? ಹದಿನಾರು. ಹಗ್ಗಜಗ್ಗಾಟ ಒಂದು ಕಾಲಕ್ಕೆ ಒಲಿಂಪಿಕ್ಸ್‌ನಲ್ಲಿ ಇತ್ತೇ? ಇತ್ತು ಮಿಸ್. ಅರಳು ಹುರಿದ ಹಾಗೆ ಪಟಪಟ ಹೇಳುತ್ತವೆ. ಅದೇ ಮಗುವಿಗೆ ಗೇಟಿನ ತನಕ ಓಡಿ ಬಾ ಎನ್ನಿ, ಅರ್ಧ ದಾರಿಗೆ ಸೊಂಟ ಹಿಡಿದುಕೊಂಡು ನಿಲ್ಲುತ್ತದೆ. ನಾನು ರಾಧಾಮಣಿ, ಬ್ಯಾಟರಾಯನಪುರದ ಒಂದು ಸಣ್ಣ ಶಾಲೆಯಲ್ಲಿ ಕನ್ನಡ ಮಿಸ್. ನನ್ನ ಬಾಯಿ ಜೋರು ಎಂದು ಸ್ಟಾಫ್ ರೂಮಿನಲ್ಲೆಲ್ಲ ಹೆಸರು. ಇರಲಿ. ನಮ್ಮ ಪಿ.ಟಿ. ಮೇಷ್ಟ್ರು ವಿಜಯಕುಮಾರರ ವಿಷಯ ಹೇಳುವುದಕ್ಕೆ ಜೋರು ಬಾಯಿಯೇ ಬೇಕು, ಆ ಪುಣ್ಯಾತ್ಮನಿಗಂತೂ ಬಾಯಿಯೇ ಇಲ್ಲ.

ಗದಗದ ಕಡೆಯವರು. ಕಾಲೇಜಿನಲ್ಲಿ ಖೋಖೋ ಆಡಿ ಆಡಿ ಎರಡು ಮೊಣಕಾಲಿನ ಚರ್ಮವೂ ದಪ್ಪಗಟ್ಟಿದೆ. ಮದುವೆಯಾದ ಹೊಸತರಲ್ಲಿ ಹೆಂಡತಿ ಸ್ಮಿತಾಳನ್ನು ಕರೆದುಕೊಂಡು ಯಶವಂತಪುರದಲ್ಲಿ ರೈಲು ಇಳಿದವರು ಸೀದಾ ನಮ್ಮ ಶಾಲೆಗೆ ಬಂದರು. ಬಂದವರು ಮೊದಲು ನೋಡಿದ್ದು ಸ್ಟಾಫ್ ರೂಮನ್ನಲ್ಲ, ಪಕ್ಕದ ಖಾಲಿ ಜಾಗವನ್ನು. ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಬೆರಳಲ್ಲಿ ಉಜ್ಜಿ ನೋಡಿದರು. ಕಲ್ಲಿಲ್ಲ, ಮಕ್ಕಳು ಬಿದ್ದರೂ ಏಳುತ್ತಾರೆ ಎಂದು ಖುಷಿಪಟ್ಟರು. ನನಗೆ ನಗು ಬಂದಿತ್ತು, ಏನಪ್ಪಾ ಇವರು ಹೊಲ ಕೊಳ್ಳೋಕೆ ಬಂದವರ ಥರ ಮಾಡ್ತಾರೆ ಅಂತ.

ಆ ಜಾಗ ಶಾಲೆಯದ್ದಲ್ಲ, ಹಳೇ ಊರಿನ ಆಂಜಿನಪ್ಪನವರದು. ಸುತ್ತಲಿನ ಅವರ ಹೊಲಗಳೆಲ್ಲ ಅಪಾರ್ಟ್‌ಮೆಂಟ್ ಆಗಿಹೋಗಿದ್ದವು. ಇದೊಂದನ್ನು ಮಾತ್ರ ಯಾಕೋ ಬಿಟ್ಟಿದ್ದರು. ಸಂಜೆ ಹೆಗಲಿಗೆ ಟವೆಲ್ ಹಾಕಿಕೊಂಡು ಬಂದು ಮೋರಿಕಟ್ಟೆಯ ಮೇಲೆ ಕೂತು ಮಕ್ಕಳ ಖೋಖೋ ನೋಡುವುದು ಅವರ ಅಭ್ಯಾಸ. ಬಿಲ್ಡರುಗಳು ಕಾರಿನಲ್ಲಿ ಬಂದು ಎಷ್ಟು ಹಲ್ಲು ಗಿಂಜಿದರೂ ಮುದುಕ ಜಗ್ಗುತ್ತಿರಲಿಲ್ಲ. ಮಕ್ಕಳು ಎಲ್ಲಿ ಆಡಬೇಕು, ನಿಮ್ಮ ತಲೆ ಮೇಲಾ ಎಂದು ಕಳಿಸಿಬಿಡುತ್ತಿದ್ದರು. ಹೀಗಾಗಿ ಮೇಷ್ಟ್ರ ಪಾಲಿಗೆ ಆಂಜಿನಪ್ಪನವರು ದೇವರ ಸಮಾನ. ಅವರು ಬಂದರೆ ಆಟ ನಿಲ್ಲಿಸಿ ನಮಸ್ಕಾರ ಮಾಡುತ್ತಿದ್ದರು.

ಮೇಷ್ಟ್ರು ಬಂದ ಮೇಲೆ ನಮ್ಮ ಮಕ್ಕಳು ಹೊರಗಿನ ಪಂದ್ಯಗಳಿಗೂ ಹೋಗಿ ಕಪ್ ಗೆದ್ದು ತಂದವು. ಆಮೇಲೆ ಒಂದು ವರ್ಷ ಮಳೆ ಹಿಡಿಯಿತು ನೋಡಿ, ಬಿಡಲೇ ಇಲ್ಲ. ಮೈದಾನ ಗದ್ದೆಯಾಯಿತು. ಬಿಳಿ ಯೂನಿಫಾರಂ ಕೆಸರಾಗಿ ಮನೆಗೆ ಹೋದದ್ದೇ ತಡ, ಪೇರೆಂಟ್ಸ್ ವಾಟ್ಸಾಪ್ ಗುಂಪಿನಲ್ಲಿ ಬೆಂಕಿ ಬಿತ್ತು. ಮಕ್ಕಳನ್ನು ಓದೋಕೆ ಕಳಿಸಿದೀವಾ ಎಮ್ಮೆ ಥರ ಹೊರಳಾಡೋಕೆ ಕಳಿಸಿದೀವಾ ಎಂದು ಒಬ್ಬ ತಾಯಿ. ಡೆಂಗ್ಯೂ ಬಂದರೆ ಯಾರು ಜವಾಬ್ದಾರಿ ಎಂದು ಇನ್ನೊಬ್ಬರು. ನಮ್ಮ ದೊಡ್ಡ ಮೇಡಂ ಹೆದರಿ, ಈ ಟರ್ಮ್ ಮೈದಾನ ಬೇಡ, ಪಿ.ಟಿ. ಪೀರಿಯಡ್‌ನಲ್ಲಿ ಸ್ಪೋರ್ಟ್ಸ್ ಜಿ.ಕೆ. ಮಾಡಿ ಅಂದುಬಿಟ್ಟರು.

ಜಿ.ಕೆ. ಅಂದರೆ ಏನು, ಬೋರ್ಡಿನ ಮೇಲೆ ಬರೆದು ಕಾಪಿ ಮಾಡಿಸಿ ಕೈ ತೊಳೆದುಕೊಳ್ಳುವುದು. ಬೇರೆ ಯಾರಾದರೂ ಹಾಗೇ ಮಾಡುತ್ತಿದ್ದರು. ಇವರು ಬೆಂಚುಗಳನ್ನೆಲ್ಲ ಗೋಡೆಗೆ ತಳ್ಳಿ, ಖೋಖೋದಲ್ಲಿ ಕೂರುವಂತೆ ಮಕ್ಕಳನ್ನು ನೆಲದ ಮೇಲೆ ಸಾಲಾಗಿ ಕೂರಿಸಿದರು, ಒಬ್ಬರು ಈ ಕಡೆ ಮುಖ, ಪಕ್ಕದವರು ಆ ಕಡೆ ಮುಖ. ಒಂದು ಮಗು ನಿಂತು ಪ್ರಶ್ನೆಗೆ ಉತ್ತರ ಹೇಳಬೇಕು. ಸರಿಯಾದರೆ ಸಾಲಿನಲ್ಲಿರುವ ಒಬ್ಬರ ಬೆನ್ನು ತಟ್ಟಿ ‘ಖೋ’ ಎನ್ನಬೇಕು. ತಟ್ಟಿಸಿಕೊಂಡ ಮಗು ಎದ್ದು, ಕೈ ಹಿಂದೆ ಕಟ್ಟಿ, ಮುಂದಿನ ಪ್ರಶ್ನೆಗೆ ಕಾಯಬೇಕು. ಬೆಂಚು ಸರಿಸಿ ಆಡುವ ಇದಕ್ಕೆ ಮಕ್ಕಳೇ ಬೆಂಚಿನ ಖೋಖೋ ಎಂದು ಹೆಸರಿಟ್ಟವು. ಬ್ಯಾಸ್ಕೆಟ್‌ಬಾಲನ್ನು ಮೊದಲು ಯಾವುದರೊಳಗೆ ಹಾಕುತ್ತಿದ್ದರು? ಹಣ್ಣಿನ ಬುಟ್ಟಿಯೊಳಗೆ! ಚೆಂಡು ಬಿದ್ದರೆ ಹೇಗೆ ತೆಗೆಯುತ್ತಿದ್ದರು? ಏಣಿ ಹತ್ತಿ! ಏಣಿ ಹತ್ತುವುದನ್ನು ಮೇಷ್ಟ್ರು ಮೈಯೆಲ್ಲ ಕುಣಿಸಿ ತೋರಿಸುವಾಗ ಪಕ್ಕದ ಕ್ಲಾಸಿನಲ್ಲಿ ನನ್ನ ವ್ಯಾಕರಣ ಯಾರಿಗೆ ಬೇಕಾಗಿತ್ತು?

ಏನು ಸರ್, ನನ್ನ ಮಕ್ಕಳನ್ನೂ ಕೆಡಿಸ್ತಿದೀರಾ ಎಂದು ರೇಗಿಸಿದೆ.

"ಹಂಗಲ್ರೀ ಮೇಡಂ," ಎಂದರು. "ಸಾಲು ಮರೀಬಾರದ್ರಿ ಮಕ್ಕಳು. ಮಳಿ ನಿಂತು ನೆಲ ಆರೂತನಕ ಅಷ್ಟ."

ಮಳೆ ನಿಂತಿತು, ನೆಲವೂ ಆರಿತು. ಆದರೆ ಬೆಂಚಿನ ಖೋಖೋ ಎಲ್ಲರಿಗೂ ರುಚಿ ಹತ್ತಿಬಿಟ್ಟಿತ್ತು. ಯೂನಿಫಾರಂ ಕೊಳೆಯಾಗುವುದಿಲ್ಲ, ಮೊಣಕಾಲು ತರಚುವುದಿಲ್ಲ, ಮಗು ಮನೆಗೆ ಹೋಗಿ ನೆಂಟರ ಮುಂದೆ ಒಲಿಂಪಿಕ್ಸ್ ಕಥೆ ಹೇಳುತ್ತದೆ. ಪೇರೆಂಟ್ಸ್‌ಗೆ ಇನ್ನೇನು ಬೇಕು? ದೊಡ್ಡ ಮೇಡಂ ಅದನ್ನು ಜನವರಿಯ ವಾರ್ಷಿಕೋತ್ಸವದಲ್ಲಿ ವೇದಿಕೆಯ ಮೇಲೇ ಆಡಿಸಿದರು. ಜನ ಬಿದ್ದು ಬಿದ್ದು ನಕ್ಕರು. ಮುಂದಿನ ಸಾಲಿನಲ್ಲಿ ಆಂಜಿನಪ್ಪನವರು ಕೂತಿದ್ದರು, ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಕಾರ್ಯಕ್ರಮ ಮುಗಿದ ಮೇಲೆ ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು. ನಾನು ಅಲ್ಲೇ ಪಕ್ಕದಲ್ಲಿ ಬೊಕೆ ಹಿಡಿದು ನಿಂತಿದ್ದೆ.

"ಏನ್ ಚೆಂದಾಗ್ ಆಡ್ತವೆ ಮೇಷ್ಟ್ರೇ ಒಳ್ಗೇವೇ. ಇಂಗೇ ಆಡುದ್ರೆ ಸಾಕಲ್ವಾ ಮಕ್ಳಿಗೆ?"

ಆ ಹೊತ್ತಿಗೆ ಮೇಷ್ಟ್ರು ಹೊಗಳಿಕೆಯಲ್ಲಿ ಕರಗಿ ನೀರಾಗಿದ್ದರು. ಮೇಲಾಗಿ ಅವರ ಕಡೆ ಹಿರಿಯರು ಕೈ ಹಿಡಿದು ಒಂದು ಮಾತು ಹೇಳಿದರೆ ಅದಕ್ಕೆ ಅಲ್ಲ ಎನ್ನುವ ಪದ್ಧತಿಯೇ ಇಲ್ಲವಂತೆ. ತಲೆಬಾಗಿ, "ಹೌದ್ರೀ ಯಜಮಾನ್ರ, ನಿಮ್ಮ ಆಶೀರ್ವಾದ" ಎಂದರು. ನಾನೂ ಹಲ್ಲು ಕಿರಿದುಕೊಂಡು ನಿಂತಿದ್ದೆ. ಮುದುಕ ಏನು ಕೇಳುತ್ತಿದ್ದಾನೆ ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಬೇಸಿಗೆ ರಜೆ ಮುಗಿಸಿ ಬಂದರೆ ಮೈದಾನದ ಸುತ್ತ ತಗಡಿನ ಬೇಲಿ. ಒಳಗೆ ಜೆಸಿಬಿ. ಖೋಖೋ ಕಂಬಗಳನ್ನು ಕಿತ್ತು ನಮ್ಮ ಗೇಟಿಗೆ ಒರಗಿಸಿಟ್ಟಿದ್ದರು, ಅಷ್ಟು ಮರ್ಯಾದೆ. ಮೇಷ್ಟ್ರು ಆ ಕಂಬಗಳನ್ನು ನೋಡಿ ಅಲ್ಲೇ ನಿಂತುಬಿಟ್ಟರು. ನಾನೇ ಅವರನ್ನು ಎಳೆದುಕೊಂಡು ಆಂಜಿನಪ್ಪನವರ ಮನೆಗೆ ಹೋದೆ. ದಾರಿಯುದ್ದಕ್ಕೂ ಏನೇನು ಬೈಯಬೇಕೆಂದು ಜೋಡಿಸಿಕೊಂಡು ಹೋದೆ. ಮುದುಕರು ನಮ್ಮನ್ನು ಕೂರಿಸಿ ಕಾಫಿ ತರಿಸಿದರು. ವಿಷಯ ಕೇಳಿ ನಿಜವಾಗಿಯೂ ಗಾಬರಿಯಾದರು.

"ನಾನು ಕೇಳುದ್ನಲ್ಲ ಮೇಷ್ಟ್ರೇ ಅವತ್ತು. ಸಾಕು ಅಂದ್ರಿ ನೀವು. ನೀವೊಂದ್ ಮಾತು ಬೇಡ ಅಂದಿದ್ರೆ ಆ ಮಣ್ಣು ಮುಟ್ಟುಸ್ತಿರ್ಲಿಲ್ಲ ನಾನು. ಈಗ ಬಿಲ್ಡರ್‌ಗೆ ಮಾತು ಕೊಟ್ಬುಟ್ಟಿದೀನಿ."

ಇಷ್ಟು ಕೇಳಿದ ಮೇಲೆ ಯಾರನ್ನು ಬೈಯಲಿ? ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು ನಮ್ಮ ಮೇಷ್ಟ್ರ ಕಥೆ. ಅವರು ಕಾಫಿ ಲೋಟ ಕೆಳಗಿಟ್ಟು, ಮುದುಕರಿಗೆ ನಮಸ್ಕಾರ ಮಾಡಿ ಎದ್ದರು. ವಾಪಸ್ ಬರುವಾಗ ಒಂದೇ ಒಂದು ಮಾತು ಹೇಳಿದರು, ತಪ್ಪು ತನ್ನದೇ ಎಂದು. ಸ್ಮಿತಾ ಆಮೇಲೆ ನನ್ನ ಹತ್ತಿರ ಅತ್ತಳು, ಮನೆಯಲ್ಲಿ ಉಣ್ಣುವುದನ್ನೇ ಬಿಟ್ಟಿದ್ದಾರೆ, ಊರಿಗೆ ಹೋಗೋಣ ಎಂದರೆ ಅದಕ್ಕೂ ಹ್ಞೂಂ ಎನ್ನುವುದಿಲ್ಲ ಎಂದು.

ಆಡಲು ಕಲಿತಿದ್ದ ಮಕ್ಕಳು ಒಂದೊಂದೇ ಕ್ಲಾಸು ದಾಟಿ ಶಾಲೆ ಬಿಟ್ಟವು. ಉಳಿದದ್ದು ಬೆಂಚಿನ ಖೋಖೋ ಮಾತ್ರ ಬಲ್ಲ ಮಕ್ಕಳು. ಮೇಷ್ಟ್ರು ಏಣಿ ಹತ್ತುವುದನ್ನು ಈಗಲೂ ತೋರಿಸುತ್ತಿದ್ದರು, ಮಕ್ಕಳು ಈಗಲೂ ನಗುತ್ತಿದ್ದವು. ಅವರ ಮುಖ ನೋಡಲಾಗದೆ ನಾನು ನನ್ನ ಕ್ಲಾಸಿನ ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಈ ಸಲ ಜಾಲಹಳ್ಳಿಯ ಕಡೆ ಒಂದು ದೊಡ್ಡ ಶಾಲೆಯ ಮೈದಾನದಲ್ಲಿ ಚಿಕ್ಕ ಮಕ್ಕಳ ಖೋಖೋ ಪಂದ್ಯ ಇಟ್ಟಿದ್ದರು. ಕ್ವಿಜ್‌ನಲ್ಲಿ ಫಸ್ಟ್ ಬರುವವರನ್ನೇ ಕಳಿಸಿ, ಅವರಿಗೆ ರೂಲ್ಸ್ ಎಲ್ಲ ಗೊತ್ತು ಎಂದು ದೊಡ್ಡ ಮೇಡಂ ಅಪ್ಪಣೆ ಕೊಡಿಸಿದರು. ಮೇಷ್ಟ್ರ ಮುಖಕ್ಕೆ ಎಷ್ಟೋ ಕಾಲದ ಮೇಲೆ ಕಳೆ ಬಂತು. ಅಭ್ಯಾಸಕ್ಕೆಂದು ಮಕ್ಕಳನ್ನು ಪಾರ್ಕಿಗೆ ಕರೆದುಕೊಂಡು ಹೋದರೆ, ವಾಕಿಂಗ್ ಮಾಡುವವರಿಗೆ ತೊಂದರೆ ಎಂದು ಕಾವಲುಗಾರ ಹೊರಗೆ ಕಳಿಸಿದ. ಕಡೆಗೆ ಕ್ಲಾಸಿನಲ್ಲೇ ಬೋರ್ಡಿನ ಮೇಲೆ ಗೆರೆ ಎಳೆದು ಕಲಿಸಿದರು, ಇಲ್ಲಿ ಕಂಬ, ಇಲ್ಲಿ ಸಾಲು, ಖೋ ಕೊಟ್ಟ ತಕ್ಷಣ ಎದ್ದು ಓಡಬೇಕು. ಮಕ್ಕಳು ಗಿಣಿಗಳ ಹಾಗೆ ಒಪ್ಪಿಸಿದವು.

ಪಂದ್ಯದ ದಿನ ಮಕ್ಕಳ ಜೊತೆಗೆ ನಾನೂ ಹೋದೆ. ಅಷ್ಟು ದೊಡ್ಡ ಬಯಲು ನೋಡಿ ನಮ್ಮ ಮಕ್ಕಳು ಒಂದಕ್ಕೊಂದು ಅಂಟಿಕೊಂಡು ನಿಂತವು. ಮೇಷ್ಟ್ರು ಒಬ್ಬೊಬ್ಬರ ಶೂ ಲೇಸೂ ತಾವೇ ಕಟ್ಟಿದರು. ಸಾಲು ಮಾತ್ರ ಚೆನ್ನಾಗಿ ಕೂತಿತು, ಆ ಕಡೆ ಈ ಕಡೆ ಮುಖ, ಒಂದು ಚೂರೂ ತಪ್ಪಿಲ್ಲ. ಸೀಟಿ ಊದಿದರು. ಓಡುತ್ತಿದ್ದ ನಮ್ಮ ಹುಡುಗಿ ಏದುಸಿರು ಬಿಡುತ್ತ ಬಂದು ನಾಲ್ಕನೇ ಕ್ಲಾಸಿನ ಜೋಯಾಳ ಬೆನ್ನು ತಟ್ಟಿ ‘ಖೋ’ ಎಂದಳು. ಎದುರು ತಂಡದ ಹುಡುಗಿ ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿದ್ದಳು.

ಜೋಯಾ ಥಟ್ಟನೆ ಎದ್ದಳು. ಎದ್ದು, ಕೈ ಹಿಂದೆ ಕಟ್ಟಿ, ನೆಟ್ಟಗೆ ನಿಂತು ಅಂಪೈರ್ ಮುಖ ನೋಡಿದಳು.

"ಪ್ರಶ್ನೆ ಏನು ಸರ್?"

ಸುತ್ತ ನಿಂತವರೆಲ್ಲ ಗೊಳ್ಳೆಂದು ನಕ್ಕರು. ಮಾತಿಗೆ ಮೊದಲು ನಗುವ ನಾನು ಮೇಷ್ಟ್ರ ಕಡೆ ತಿರುಗಿದೆ. ಮೇಷ್ಟ್ರು ಗೆರೆಯ ಹತ್ತಿರ ಮೊಣಕಾಲೂರಿ ಕೂತಿದ್ದರು. ಕೂಗಲೂ ಇಲ್ಲ, ಬೈಯಲೂ ಇಲ್ಲ.

"ಪ್ರಶ್ನಿ ಇಲ್ಲವ್ವಾ," ಎಂದರು. "ಓಡು."

ಜೋಯಾ ಅವರ ಕಡೆ ತಿರುಗಿದಳು. ಸರಿ ಉತ್ತರ ಹೇಳಬೇಕೆಂಬ ಆಸೆ ಆ ಮಗುವಿನ ಮುಖದಲ್ಲಿ ತುಂಬಿತ್ತು.

"ಎಲ್ಲಿಗೆ ಸರ್?"

ಮೇಷ್ಟ್ರು ತೋರಿಸಲೆಂದು ಕೈ ಎತ್ತಿದರು. ಎತ್ತಿದ ಕೈಯಿಂದ ಮುಖ ಮುಚ್ಚಿಕೊಂಡರು. ಜೋಯಾ ಕೈ ಹಿಂದೆ ಕಟ್ಟಿಕೊಂಡೇ ಕಾಯುತ್ತ ನಿಂತಿದ್ದಳು.