ತಮ್ಮನ ಬೆರಳಿಗೊಂದು ಬೀದಿ

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಬಡಗಿಯಣ್ಣ ಹಿಂದಿನ ಕೋಣೆಯಲ್ಲಿ ಹಲಗೆಯ ಮೇಲಿನ ಮರದ ಪುಡಿಯನ್ನು ಊದುತ್ತಿದ್ದ. ಪುಡಿ ಹಾರಿದಂತೆ ಅವರ ಬಡಾವಣೆಯ ಮನೆಗಳು ಉಬ್ಬಾಗಿ, ಬೀದಿಗಳು ತಗ್ಗಾಗಿ ಕಾಣಿಸಿಕೊಂಡವು.

ಹಲಗೆ ತಮ್ಮನಿಗಾಗಿ. ಅವನ ದೃಷ್ಟಿ ವರ್ಷದಿಂದ ವರ್ಷಕ್ಕೆ ಮಂಜಾಗುತ್ತಿತ್ತು. ಪೂರ್ತಿ ಹೋಗುವುದು ಖಚಿತ ಎಂದು ವೈದ್ಯೆ ಹೇಳಿದ್ದರು. ಅಷ್ಟರೊಳಗೆ ಬೀದಿಗಳನ್ನು ಬೆರಳಿಗೆ ಕಲಿಸಿಬಿಟ್ಟರೆ ಮುಂದೆ ಯಾರ ಕೈಯನ್ನೂ ಹಿಡಿಯದೆ ಓಡಾಡಬಹುದು ಎಂಬುದು ತಮ್ಮನಿಗಿದ್ದ ಒಂದೇ ಆಸೆ. ಮೊದಲಾಗಿದ್ದರೆ ಅಣ್ಣ ಉಳಿಯಲ್ಲೇ ಕೆತ್ತಿ ಕೊಡುತ್ತಿದ್ದ. ಈಗ ಅವನ ಬಲಗೈ ನಡುಗುತ್ತಿತ್ತು. ಹಾಗಾಗಿ ಕಂಪ್ಯೂಟರಿನ ಆಜ್ಞೆಯಂತೆ ಕೆತ್ತುವ ಸಿಎನ್‌ಸಿ ಯಂತ್ರವೊಂದನ್ನು ತಾನೇ ಕಟ್ಟಿದ್ದ.

ಮೋಟಾರು ಆರಿಸುವಾಗ ಮಾತ್ರ ಬಡಗಿಯಂತೆಯೇ ಯೋಚಿಸಿದ್ದ. ಮರ ಗಟ್ಟಿಯಾದಷ್ಟೂ ಕೈ ಒತ್ತಬೇಕು. ಅದೇ ಲೆಕ್ಕದಲ್ಲಿ ಅಂಗಡಿಯಲ್ಲಿದ್ದವುಗಳಲ್ಲೆಲ್ಲ ದಪ್ಪನೆಯದನ್ನು ತಂದಿದ್ದ.

ತಮ್ಮ ಹಲಗೆಯ ಮೇಲೆ ನಿಧಾನವಾಗಿ ಬೆರಳಾಡಿಸಿದ.

"ಅಣ್ಣ, ನಮ್ಮ ಬೀದಿ ಪಕ್ಕದ ಮನೆಯೊಳಗೆ ನುಗ್ಗಿದೆಯಲ್ಲ."

"ಸರಿಯಾಗಿ ಮುಟ್ಟಿ ನೋಡು."

"ಮುಟ್ಟಿಯೇ ಹೇಳ್ತಿರೋದು. ಇದನ್ನ ನಂಬಿ ಹೋದ್ರೆ ಹಲ್ಲು ಕೈಯಲ್ಲಿ ಹಿಡ್ಕೊಂಡು ಬರ್ಬೇಕು."

ಅಣ್ಣ ಅಳತೆಪಟ್ಟಿ ಇಟ್ಟು ನೋಡಿದ. ಮರದಲ್ಲಿ ಗಂಟೊಂದಿತ್ತು, ಅದರಿಂದಾಚೆಗೆ ಎಲ್ಲವೂ ಮೂರು ಮಿಲಿಮೀಟರ್ ಸರಿದಿತ್ತು. ಗಂಟಿಗೆ ಸಿಕ್ಕಿ ಮೋಟಾರು ಕ್ಷಣಕಾಲ ಜಾರಿತ್ತು. ತಂತ್ರಾಂಶಕ್ಕೆ ಅದು ಗೊತ್ತೇ ಆಗದೆ, ಎಲ್ಲ ನೆಟ್ಟಗಿದೆ ಎಂದುಕೊಂಡು ಮುಂದೆ ಕೆತ್ತಿಸಿತ್ತು.

"ಬೇರೆ ಅಂಗಡೀಲಿ ಹುಡುಕಿ ಇನ್ನೂ ದಪ್ಪನೆ ಮೋಟಾರು ಹಾಕ್ತೀನಿ."

"ದಪ್ಪಕ್ಕೆ ಬುದ್ಧಿ ಬರೋದಾದ್ರೆ ನೀನು ಯಾವತ್ತೋ ಜಾಣ ಆಗಿರ್ಬೇಕಿತ್ತು," ಎಂದ ತಮ್ಮ. ಆಮೇಲೆ ದನಿ ತಗ್ಗಿಸಿ ಕೇಳಿದ: "ತಪ್ಪಿದೀನಿ ಅಂತ ತಾನೇ ಹೇಳೋ ಮೋಟಾರು ಇಲ್ವಾ? ದಾರಿ ತಪ್ಪಿದಾಗ ನಾನಾದ್ರೆ ನಿಂತುಬಿಡ್ತೀನಿ."

ಅಂಥದ್ದು ಇತ್ತು. ಮೋಟಾರು ಎಷ್ಟು ತಿರುಗಿದೆ ಎಂದು ಅಳೆದು ಹೇಳುವ ಸಣ್ಣ ಸಾಧನ ಅದರ ಬೆನ್ನಿಗೇ ಅಂಟಿಕೊಂಡಿರುತ್ತದೆ. ಅಣ್ಣ ಅಂಥದ್ದೊಂದನ್ನು ಕೊಂಡು ತಂದ. ಆದರೆ ಅದು ಹೇಳಿದ್ದನ್ನು ಕೇಳುವವರೂ ಬೇಕಲ್ಲ? ಬಣ್ಣಬಣ್ಣದ ಚಿತ್ರ ತೋರಿಸುತ್ತಿದ್ದ ತಂತ್ರಾಂಶವನ್ನು ಅಣ್ಣ ಒಲ್ಲದ ಮನಸ್ಸಿನಿಂದ ತೆಗೆದುಹಾಕಿದ. ನೋಡಲು ಸಪ್ಪೆಯಾದ, ಆದರೆ ಮೋಟಾರಿನಿಂದ ದೂರು ಬಂದೊಡನೆ ಯಂತ್ರವನ್ನೇ ನಿಲ್ಲಿಸುವ ಇನ್ನೊಂದನ್ನು ಹಾಕಿದ.

ಹೊಸ ಹಲಗೆಯಲ್ಲಿ ಯಂತ್ರ ಎರಡು ಸಲ ನಿಂತಿತು. ಎರಡು ಸಲವೂ ಅಣ್ಣ ಅದನ್ನು ಬೈಯದೆ, ವೇಗ ತಗ್ಗಿಸಿ ಮತ್ತೆ ಮೊದಲಿನಿಂದ ಕೆತ್ತಿಸಿದ.

ಚಳಿಗಾಲ ಮುಗಿಯುವ ಮುನ್ನವೇ ತಮ್ಮನಿಗೆ ಕತ್ತಲಾಯಿತು. ಕೆಲವು ವಾರ ಅವನು ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ಕುಳಿತಿದ್ದ. ಒಂದು ದಿನ ಕೋಲು ಹಿಡಿದು ಔಷಧಿ ಅಂಗಡಿಗೆ ಒಬ್ಬನೇ ಹೊರಟ. ಅಣ್ಣ ಗೇಟಿನ ಸರಳು ಹಿಡಿದು ನಿಂತ, ಹಿಂದೆ ಹೋಗಲಿಲ್ಲ.

ತಮ್ಮ ಮಾತ್ರೆ ಹಿಡಿದು ಮರಳಿದ. "ತಿರುವು ಇದ್ದಲ್ಲೇ ಇತ್ತು," ಎಂದಷ್ಟೇ ಹೇಳಿ ಒಳಗೆ ನಡೆದ.

ಎರಡನೆಯ ಮೋಟಾರು ಕೊಳ್ಳುವಾಗ, ಎಷ್ಟು ತಪ್ಪಿದರೆ ನಡೆಯುತ್ತದೆ ಎಂದು ಅಂಗಡಿಯವನು ಕೇಳಿದ್ದ. ಒಂದು ಮಿಲಿಮೀಟರ್ ಯಾರ ಕಣ್ಣಿಗೂ ಕಾಣುವುದಿಲ್ಲ ಎಂದೂ ಸೇರಿಸಿದ್ದ. "ಇದು ಕಣ್ಣಿಗಲ್ಲ," ಎಂದಿದ್ದ ಅಣ್ಣ. "ಕಾಲು ಮಿಲಿಮೀಟರ್ ದಾಟಬಾರದು."