ಮುಟ್ಟಬೇಡಿ, ನಾನು ಬೆಟ್ಟ ಹತ್ತುತ್ತಿದ್ದೇನೆ

ಐವತ್ತೊಂದನೇ ವಯಸ್ಸಿನಲ್ಲಿ ನಾನು ಮೊದಲ ಬಾರಿಗೆ ಚಡ್ಡಿ ಹಾಕಿಕೊಂಡು ಬೀದಿಗಿಳಿದೆ. ನಗಬೇಡಿ. ಅದು ಸೈಕಲ್ ಚಡ್ಡಿ. ಕೂರುವ ಜಾಗದಲ್ಲಿ ಪುಟ್ಟ ಗಾದಿಯೊಂದನ್ನು ಇಟ್ಟು ಹೊಲಿದಿರುತ್ತಾರೆ. ಅಂಗಡಿಯಾಕೆ ಅದನ್ನು ಮಡಚಿ ಕೊಡುತ್ತಾ, ಇದರೊಳಗೆ ಬೇರೇನೂ ಹಾಕಿಕೊಳ್ಳಬಾರದು ಎಂದು ಪಿಸುದನಿಯಲ್ಲಿ ಹೇಳಿದಾಗ ನಾನು ಕೌಂಟರನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಮೈಸೂರಿನಲ್ಲಿ ಲಂಗ ದಾವಣಿ ಹಾಕಿಕೊಂಡು ಬೆಳೆದವಳು ನಾನು. ಮೇಲೊಂದು ಉದ್ದನೆಯ ಕುರ್ತಾ ತೊಟ್ಟು ಹೇಗೋ ಮಾನ ಉಳಿಸಿಕೊಂಡೆ. ಮುಂದೆ ಕಾದಿದ್ದ ಆಘಾತಗಳೆದುರು ಈ ಚಡ್ಡಿ ಯಾವ ಲೆಕ್ಕಕ್ಕೂ ಇಲ್ಲ ಎಂಬುದು ಆಗಿನ್ನೂ ತಿಳಿದಿರಲಿಲ್ಲ.

ಇದಕ್ಕೆಲ್ಲ ಕಾರಣ ವರ್ಗಾವಣೆ. ತಿರುವನಂತಪುರದ ಪಟ್ಟಂನಲ್ಲಿ ನಮ್ಮ ಮನೆ, ಅಲ್ಲೇ ನನ್ನ ಕಚೇರಿ. ನಮ್ಮ ಯಜಮಾನರು ರಾಕೆಟ್ ಹಾರಿಸುವವರ ಪೈಕಿ. ಹೀಗಿರುವಾಗ ನನ್ನನ್ನು ಒಂದು ವರ್ಷದ ಮಟ್ಟಿಗೆ ಕೊಚ್ಚಿಗೆ ಹಾಕಿದರು. ಫೋರ್ಟ್ ಕೊಚ್ಚಿಯಲ್ಲಿ ಪುಟ್ಟದೊಂದು ಬಾಡಿಗೆ ಮನೆ. ಮಹಡಿಯ ಮೇಲೆ ಪ್ರೆಸಿಲ್ಲಾ ಎಂಬ ಮಂಗಳೂರು ಕಡೆಯ ಹುಡುಗಿ, ಐಟಿ ಪಾರ್ಕಿನಲ್ಲಿ ಕೆಲಸ. ಭಾನುವಾರ ಬೆಳಗಾದರೆ ಸೈಕಲ್ ಹತ್ತಿ ಹೊರಟುಬಿಡುವಳು. ಒಂದು ದಿನ ನಾನು ಗೇಟಿನಲ್ಲಿ ನಿಂತು ನೋಡುತ್ತಿದ್ದೆ. "ಎಂತ ಆಂಟಿ, ಬರೀ ನೋಡುವುದಾ? ಬನ್ನಿ ಮಾರಾಯ್ರೆ" ಎಂದಳು. ಹೋದೆ, ಅಷ್ಟೇ.

ಆ ಒಂದು ವರ್ಷದಲ್ಲಿ ನನಗೊಂದು ವಿಷಯ ಗೊತ್ತಾಗಿ ದಂಗಾದೆ. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ನಾನು ಯಾವ ಕೆಲಸವನ್ನೂ ಒಬ್ಬಳೇ ಮುಗಿಸಿರಲಿಲ್ಲ! ನಮ್ಮವರು ಒಳ್ಳೆಯವರು, ತೀರಾ ಒಳ್ಳೆಯವರು. ಅದೇ ತೊಂದರೆ. ನಾನು ಹಲ್ಲು ಕೀಳಿಸಲು ಹೋದರೆ ಡಾಕ್ಟರಿಗೆ ಯಾವ ಹಲ್ಲೆಂದು ತೋರಿಸುವವರು ಅವರು. ಇಲಾಖಾ ಪರೀಕ್ಷೆ ಬರೆಯಲು ಹೋದರೆ ನನಗಿಂತ ಮೊದಲೇ ಹೋಗಿ ಬೆಂಚಿನ ಕಾಲು ಅಲ್ಲಾಡುತ್ತದೆಯೇ ಎಂದು ನೋಡಿ ಬಂದವರು. ಬಾಟಲಿಯ ಮುಚ್ಚಳ ತೆಗೆಯಲು ನಾನು ಕೈ ಹಾಕುವಷ್ಟರಲ್ಲಿ ಅದು ಅವರ ಕೈಯಲ್ಲಿರುತ್ತದೆ. ಕೊಚ್ಚಿಯಲ್ಲಿ ಮೊದಲ ವಾರ ಉಪ್ಪಿನಕಾಯಿ ಬಾಟಲಿಯೆದುರು ನಾನು ಅಳುವುದೊಂದು ಬಾಕಿ.

ಅದಕ್ಕೇ, ಪಟ್ಟಂಗೆ ಮರಳಿದ ಮೇಲೆ ಪ್ರೆಸಿಲ್ಲಾ ಫೋನ್ ಮಾಡಿ ಪೊನ್ಮುಡಿ ಸೈಕಲ್ ಸವಾರಿಯ ಸುದ್ದಿ ಹೇಳಿದಾಗ ಹಿಂದೆ ಮುಂದೆ ನೋಡದೆ ಹೆಸರು ಕೊಟ್ಟೆ. ಶ್ರೀಕಾರ್ಯಂನಿಂದ ಬೆಳಿಗ್ಗೆ ಆರಕ್ಕೆ ಹೊರಡುವುದು, ಪೊನ್ಮುಡಿ ಹತ್ತಿ ಇಳಿದು ಇನ್ನೊಂದಷ್ಟು ಗುಡ್ಡ ಸುತ್ತಿ ಸಂಜೆ ಆರರೊಳಗೆ ಅಲ್ಲಿಗೇ ಬಂದು ಸೇರುವುದು. ನೂರೈವತ್ತು ಕಿಲೋಮೀಟರ್. ಸ್ಪರ್ಧೆಯಲ್ಲ, ಬಹುಮಾನವಿಲ್ಲ, ಕೈಗೊಂದು ಕಾರ್ಡು ಕೊಡುತ್ತಾರೆ, ದಾರಿಯಲ್ಲಿ ಎರಡು ಕಡೆ, ಕೊನೆಗೊಮ್ಮೆ, ಅದಕ್ಕೆ ಮುದ್ರೆ ಹಾಕಿಸಿಕೊಳ್ಳಬೇಕು. ಆದರೆ ಒಂದು ನಿಯಮವಿದೆ, ಬಲು ಕಟ್ಟುನಿಟ್ಟು. ಮುದ್ರೆ ಹಾಕುವ ಜಾಗ ಬಿಟ್ಟರೆ ದಾರಿಯಲ್ಲೆಲ್ಲೂ ಮನೆಯವರು ನೆಂಟರಿಷ್ಟರು ಸಹಾಯ ಮಾಡುವಂತಿಲ್ಲ. ನೀರು ಕೊಟ್ಟರೂ ಅಷ್ಟೆ, ತಳ್ಳಿದರೂ ಅಷ್ಟೆ, ಹೆಸರು ಹೊಡೆದುಹಾಕುತ್ತಾರೆ. ನಾನು ಈ ನಿಯಮವನ್ನು ಮೂರು ಸಲ ಓದಿದೆ. ನನಗೆಂದೇ ಯಾರೋ ಬರೆದಿಟ್ಟಂತಿತ್ತು. ಈ ಒಂದು ಕಾರ್ಡನ್ನು ನಾನು ಒಬ್ಬಳೇ ತುಂಬಿಸಬೇಕು ಎಂದು ದೇವರ ಮುಂದೆ ನಿಂತು ಹೇಳಿಕೊಂಡೆ.

ಈಗ ನನ್ನ ದಡ್ಡತನದ ವಿಷಯಕ್ಕೆ ಬರೋಣ. ಕೊಚ್ಚಿಯಲ್ಲಿ ನಾನು ಎಪ್ಪತ್ತೈದು ಕಿಲೋಮೀಟರ್ ಆರಾಮವಾಗಿ ತುಳಿದಿದ್ದೆ. ನೂರೈವತ್ತೆಂದರೆ ಅದರ ಎರಡರಷ್ಟು, ಇನ್ನೇನು ಮಹಾ ಎಂದುಕೊಂಡೆ. ಕೊಚ್ಚಿಯ ನೆಲ ಹೇಗಿದೆ ನೋಡಿದ್ದೀರಲ್ಲ? ದೋಸೆ ಕಾವಲಿ. ಅಲ್ಲಿ ಅತಿ ಎತ್ತರದ ಏರೆಂದರೆ ಸೇತುವೆ. ರಸ್ತೆಗೆ ಎಡ, ಬಲ ಅಲ್ಲದೆ ಮೇಲಕ್ಕೆ ಎಂಬ ದಿಕ್ಕೂ ಇದೆಯೆಂಬುದು ನನ್ನ ತಲೆಗೇ ಹೊಳೆದಿರಲಿಲ್ಲ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದು ಚಿಕ್ಕಂದಿನಲ್ಲಿ ಸಾವಿರ ಸಲ ಉರು ಹೊಡೆದವಳು ನಾನೇ. ನಮ್ಮ ಮೈಸೂರಿನಲ್ಲೂ ಬೆಟ್ಟವಿದೆ, ನಿಜ. ಆದರೆ ನಾವು ಅದಕ್ಕೆ ಮನೆಯಿಂದಲೇ ಕೈ ಮುಗಿಯುವ ಪೈಕಿ.

ಆ ದಿನ ಮೊದಲ ಆಘಾತ ಹೊರಡುವ ಜಾಗದಲ್ಲೇ ಆಯಿತು. ಎಲ್ಲರೂ ಹುಡುಗರಿರುತ್ತಾರೆ ಎಂದುಕೊಂಡಿದ್ದೆ. ನನ್ನ ಪಕ್ಕ ನಿಂತಿದ್ದವರು ಎಪ್ಪತ್ತು ಸಮೀಪಿಸಿದ ನಿವೃತ್ತ ಮೇಷ್ಟರು, ಬಿಳಿ ಮೀಸೆ, ಕಡ್ಡಿಯಂಥ ಕಾಲು. ಪಾಪ, ಇವರಿಗಾದರೂ ಜೊತೆಯಾಗೋಣ ಎಂದು ನಾನು ಮನಸ್ಸಿನಲ್ಲೇ ಕನಿಕರಪಟ್ಟೆ. ಬೆಟ್ಟದ ಬುಡ ಸೇರಿ ಎರಡನೇ ತಿರುವು ಹತ್ತುವಾಗ ಅವರು ನನ್ನನ್ನು ದಾಟಿ ಹೋದರು. ಉಸಿರೂ ಏರಿರಲಿಲ್ಲ. "ಪದುಕ್ಕೆ ಪೋಯಾ ಮದಿ ಮೋಳೇ" ಎಂದರು. ನಿಧಾನ ಹೋದರೆ ಸಾಕು ಮಗಳೇ ಎಂದು. ಇದಕ್ಕಿಂತ ನಿಧಾನ ಹೋದರೆ ಸೈಕಲ್ ಹಿಂದಕ್ಕೆ ಜಾರುತ್ತದೆ ಎಂದು ಹೇಳಲು ನನ್ನಲ್ಲಿ ಉಸಿರಿರಲಿಲ್ಲ.

ನಮ್ಮ ಹಿರಿಯರು ನವರಸಗಳನ್ನು ಎಣಿಸುವಾಗ ವಿಸ್ಮಯಕ್ಕೆ ಅದ್ಭುತವೆಂಬ ದೊಡ್ಡ ಪೀಠವನ್ನೇ ಕೊಟ್ಟಿದ್ದಾರೆ. ಭಯಕ್ಕೂ ಜಾಗವಿದೆ, ಹೇಸಿಗೆಗೂ ಇದೆ. ಆದರೆ ಸುಮ್ಮನೆ ಬೆಪ್ಪಾಗಿ ಬಾಯಿ ಬಿಟ್ಟುಕೊಂಡು ನಿಲ್ಲುವುದಿದೆಯಲ್ಲ, ಅದಕ್ಕೆ ಏನೂ ಇಲ್ಲ. ಪೊನ್ಮುಡಿಗೆ ಇಪ್ಪತ್ತೆರಡು ಕಡಿದಾದ ತಿರುವುಗಳು, ಪ್ರತಿಯೊಂದಕ್ಕೂ ಸಂಖ್ಯೆಯ ಫಲಕ. ಐದನೆಯದು ಕಂಡಾಗ ಮುಗಿಯಿತೇನೋ ಅನ್ನಿಸಿತು. ಆರನೆಯದು ಕಂಡಾಗ ಜೀವ ಬಾಯಿಗೆ ಬಂತು. ಏಳರಲ್ಲಿ ನನ್ನ ತೊಡೆಗಳು ನನ್ನವಾಗಿರಲಿಲ್ಲ. ಆ ಹಿರಿಯರು ಒಮ್ಮೆ ಸೈಕಲ್ ತುಳಿದು ಇಲ್ಲಿಗೆ ಬಂದಿದ್ದರೆ ಹತ್ತನೆಯ ರಸವೊಂದು ಖಂಡಿತ ಹುಟ್ಟುತ್ತಿತ್ತು.

ಒಂಬತ್ತನೇ ತಿರುವು. ಅಲ್ಲಿ ನಿಂತಿದ್ದ ಕಾರು ನಮ್ಮ ಕಾರಿನಂತೆಯೇ ಇದೆಯಲ್ಲ ಎಂದುಕೊಂಡೆ. ಪಕ್ಕದಲ್ಲಿ ಮಡಚುವ ಕುರ್ಚಿಯೊಂದನ್ನು ಬಿಡಿಸಿಟ್ಟಿದ್ದರು. ಕುರ್ಚಿಯ ಪಕ್ಕ ಛತ್ರಿ ಹಿಡಿದು ನಮ್ಮವರು!

ನನಗೆ ಗರ ಬಡಿದಂತಾಯಿತು. ಬರಬೇಡಿ ಎಂದು ಹಿಂದಿನ ದಿನ ಹತ್ತು ಸಲ ಹೇಳಿದ್ದೆ. "ಬಾ ಪದ್ಮಾ, ಕೂತ್ಕೋ. ಪುಳಿಯೋಗರೆ ಇದೆ, ಮೊಸರನ್ನ ಇದೆ. ಒಂದೇ ಒಂದು ತುತ್ತು ತಿಂದು ಹೋಗು" ಎಂದರು. ನಾನು ತುಳಿಯುತ್ತಲೇ ತಲೆಯಾಡಿಸಿದೆ. ಪಕ್ಕದಲ್ಲೇ ನಡೆಯತೊಡಗಿದರು. ನನ್ನ ವೇಗಕ್ಕೆ ಅವರು ನಡೆಯುವುದೇ ಹೆಚ್ಚಾಗಿತ್ತು, ನಡುನಡುವೆ ನಿಂತು ಕಾಯುತ್ತಿದ್ದರು. "ಮುಖ ನೋಡು ಹೇಗೆ ಕಪ್ಪಿಟ್ಟಿದೆ. ಹೋಗ್ಲಿ, ಒಂಚೂರು ತಳ್ತೀನಿ ತಾಳು" ಎಂದು ಸೀಟಿನತ್ತ ಕೈ ಚಾಚಿದರು.

"ಮುಟ್ಟಬೇಡೀ!" ಎಂದು ಕಿರುಚಿದೆ. ನನ್ನೊಳಗೆ ಅಷ್ಟು ದೊಡ್ಡ ದನಿಯಿದೆಯೆಂದು ನನಗೇ ಗೊತ್ತಿರಲಿಲ್ಲ. ಮೇಲಿನಿಂದ ಇಳಿಯುತ್ತಿದ್ದ ಪ್ರವಾಸಿಗಳ ವ್ಯಾನೊಂದು ಗಕ್ಕನೆ ನಿಂತಿತು. ಡ್ರೈವರ್ ಅರ್ಧ ಇಳಿದು ನಮ್ಮವರನ್ನು ಕೆಕ್ಕರಿಸಿ ನೋಡುತ್ತಾ, "ಎಂದಾ ಚೇಚೀ, ಎಂದೆಂಗಿಲುಂ ಪ್ರಶ್ನಮುಂಡೋ?" ಎಂದು ಕೇಳಿದ. ಏನಕ್ಕಾ, ಏನಾದರೂ ತೊಂದರೆಯಾ ಎಂದು. ನಾನು ಏದುಸಿರು ಬಿಡುತ್ತಾ, ಇವರು ನನ್ನ ಗಂಡ ಎಂದೆ. ಅವನ ಮುಖದಲ್ಲಿ ಆತಂಕ ಇನ್ನೂ ಹೆಚ್ಚಾಯಿತು.

ವ್ಯಾನು ಹೋದ ಮೇಲೆ ನಾನು ಬಾಯಿಗೆ ಬಂದದ್ದನ್ನು ಆಡಿದೆ. "ಒಂದು ಕೆಲಸ, ಒಂದೇ ಒಂದು ಕೆಲಸ ನನ್ನ ಪಾಡಿಗೆ ಮಾಡಕ್ಕೆ ಬಿಡ್ತೀರಾ? ನೀವು ಕೈ ಹಾಕಿದ್ರೆ ನನ್ನ ಹೆಸರೇ ಹೊಡೆದುಹಾಕ್ತಾರೆ. ಮನೆಗೆ ಹೋಗಿ!" ಅವರು ಬೆಪ್ಪಾಗಿ ನಿಂತರು. "ಹೆಸರು ಹೊಡೆದುಹಾಕ್ತಾರಾ? ಅನ್ನ ಕೊಟ್ಟಿದ್ದಕ್ಕಾ?" ಎಂದು ಮೆಲ್ಲಗೆ ಕೇಳಿದರು. ನಮ್ಮ ಕಡೆಯವರಿಗೆ ಅನ್ನ ಕೊಡುವುದು ತಪ್ಪಾಗಬಹುದು ಎಂಬುದು ಎಲ್ಲಿ ಅರ್ಥವಾಗಬೇಕು? ನಾನು ಪೆಡಲ್ ಒತ್ತಿ ಮುಂದೆ ಸಾಗಿದೆ. ಕುರ್ಚಿ ಮಡಚುವ ಸದ್ದು ಬೆನ್ನ ಹಿಂದೆ ಕೇಳಿಸಿತು.

ಒಂದು ಗುಟ್ಟು ಹೇಳುತ್ತೇನೆ, ಯಾರಿಗೂ ಹೇಳಬೇಡಿ. ಬೆಟ್ಟದ ತುದಿಯಲ್ಲಿ ಮುದ್ರೆ ಹಾಕುವ ಜಾಗವಿತ್ತು, ಅಲ್ಲಿ ಮನೆಯವರು ಊಟ ಕೊಡಬಹುದಿತ್ತು. ಒಂಬತ್ತರಿಂದ ಇಪ್ಪತ್ತೆರಡನೇ ತಿರುವಿನವರೆಗೆ ನನ್ನನ್ನು ಎಳೆದುಕೊಂಡು ಹೋದದ್ದು ಆತ್ಮಬಲವಲ್ಲ, ಪುಳಿಯೋಗರೆ. ಇವರು ಎಲ್ಲಿ ಮನೆಗೆ ಹೋಗುತ್ತಾರೆ, ಮೇಲೆ ಬಂದು ನಿಂತೇ ಇರುತ್ತಾರೆ ಎಂಬ ಧೈರ್ಯ ನನಗೆ. ಹನ್ನೆರಡಕ್ಕೆ ಐದು ನಿಮಿಷವಿರುವಾಗ ತುದಿ ಮುಟ್ಟಿ, ಮುದ್ರೆ ಹಾಕಿಸಿಕೊಂಡು, ಸುತ್ತ ನೋಡಿದೆ. ಕಾರಿಲ್ಲ.

ಈ ಮನುಷ್ಯ ನಿಜವಾಗಿ ಮನೆಗೆ ಹೋಗಿಬಿಟ್ಟರಾ? ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ನನ್ನ ಮಾತು ಕೇಳದವರು ಇವತ್ತೇ ಕೇಳಬೇಕಿತ್ತಾ? ನನಗಿಂತ ಎಷ್ಟೋ ಮೊದಲೇ ಹತ್ತಿ ಬಂದು ಕಾಯುತ್ತಿದ್ದ ಪ್ರೆಸಿಲ್ಲಾ ನನ್ನ ಮುಖ ನೋಡಿ ಏನಾಯಿತೆಂದು ಕೇಳಿದಳು, ಒಂಬತ್ತನೇ ತಿರುವಿನ ಕತೆ ಹೇಳಿದೆ. "ನೀವೇ ಅಲ್ವಾ ಆಂಟಿ ಬೈದು ಕಳಿಸಿದ್ದು? ಈಗ ಎಂತ ಹುಡುಕುವುದು?" ಎಂದಳು. ಮಾಡಿದ್ದುಣ್ಣೋ ಮಹರಾಯ. ಅಲ್ಲಿನ ಚಹಾದಂಗಡಿಯಲ್ಲಿ ಎರಡು ಪಳಂಪೊರಿ ತಿಂದೆ, ಬಾಳೆಹಣ್ಣನ್ನು ಹಿಟ್ಟಿನಲ್ಲಿ ಅದ್ದಿ ಕರಿದದ್ದು. ತಿನ್ನುವಾಗ ಕಣ್ಣಲ್ಲಿ ನೀರು ಬಂತು. ಬಿಸಿಯಿತ್ತು ಎಂದು ಪ್ರೆಸಿಲ್ಲಾಗೆ ಹೇಳಿದೆ. ಆ ಮುಖ, ಅನ್ನ ಕೊಟ್ಟಿದ್ದಕ್ಕಾ ಎಂದು ಕೇಳಿದ ಆ ಮುಖ, ಇಳಿಜಾರಿನುದ್ದಕ್ಕೂ ನನ್ನ ಮುಂದೆಯೇ ಇತ್ತು.

ಮಧ್ಯಾಹ್ನದ ಗುಡ್ಡಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೇರಳದ ಈ ಭಾಗದಲ್ಲಿ ಒಂದು ಏರು ಮುಗಿದರೆ ಅದರ ತಂಗಿ ಕಾದಿರುತ್ತಾಳೆ, ಅವಳ ಹಿಂದೆ ಇನ್ನೊಬ್ಬಳು. ಎರಡನೇ ಮುದ್ರೆಯೂ ಬಿತ್ತು. ಎರಡು ಸಲ ಇಳಿದು ಸೈಕಲ್ ತಳ್ಳಿದೆ, ಒಮ್ಮೆ ಯಾವುದೋ ಚರ್ಚಿನ ಮೆಟ್ಟಿಲ ಮೇಲೆ ಅಂಗಾತ ಮಲಗಿದೆ. ಬಿಟ್ಟುಬಿಡೋಣ ಎಂದು ಅನ್ನಿಸಿದಾಗಲೆಲ್ಲ, ಅವರನ್ನು ಅಷ್ಟು ನೋಯಿಸಿ ಬರಿಗೈಯಲ್ಲಿ ಮನೆಗೆ ಹೋಗುವುದು ಹೇಗೆ ಎಂದು ಮತ್ತೆ ಹತ್ತಿದೆ. ಶ್ರೀಕಾರ್ಯಂ ಮುಟ್ಟಿದಾಗ ಆರಕ್ಕೆ ಎಂಟು ನಿಮಿಷವಿತ್ತು. ಸ್ವಯಂಸೇವಕಿಯೊಬ್ಬಳು ಓಡಿ ಬಂದು ಕಾರ್ಡು ತೆಗೆದುಕೊಂಡು ಕೊನೆಯ ಮುದ್ರೆ ಒತ್ತಿದಳು. ಮುಗಿಯಿತು. ಒಬ್ಬಳೇ ಮುಗಿಸಿದೆ.

ಆಮೇಲೆ ಇಳಿಯಲು ನೋಡಿದರೆ ಆಗುತ್ತಿಲ್ಲ. ಒಂದು ಕಾಲು ನೆಲದ ಮೇಲೆ, ಇನ್ನೊಂದು ಪೆಡಲಿನ ಮೇಲೆ, ಎರಡೂ ಮರಗಟ್ಟಿವೆ. ಕಂಬ ನೆಟ್ಟ ಹಾಗೆ ನಿಂತೆ. ಆಗ ಕಂಡರು ನಮ್ಮವರು. ಹತ್ತು ಹೆಜ್ಜೆ ದೂರದಲ್ಲಿ, ಬೇಲಿಗೆ ಒರಗಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು. ಅಲ್ಲಿಂದಲೇ ನೋಡುತ್ತಿದ್ದಾರೆ. ನಾನು ಓಲಾಡುತ್ತಿರುವುದು ಅವರಿಗೆ ಕಾಣುತ್ತಿದೆ, ಅವರ ಮುಖ ಹಿಂಡಿಹೋಗಿದೆ, ಆದರೂ ಒಂದು ಹೆಜ್ಜೆ ಮುಂದಿಡಲಿಲ್ಲ.

"ರೀ, ಇಳಿಯಕ್ಕಾಗ್ತಿಲ್ಲ. ಸ್ವಲ್ಪ ಹಿಡ್ಕೊಳ್ಳಿ ಬನ್ನಿ" ಎಂದೆ.

ಹೇಳಿದ ಮೇಲೆ ಹೊಳೆಯಿತು. ನಾನು ಅವರಲ್ಲಿ ಸಹಾಯ ಕೇಳಿದ್ದು ಇದೇ ಮೊದಲು. ಇಷ್ಟು ವರ್ಷ ಕೇಳುವಷ್ಟು ಪುರುಸೊತ್ತನ್ನೇ ಅವರು ಕೊಟ್ಟಿರಲಿಲ್ಲ. ಅವರು ಬಂದರು. ಓಡಿ ಬರಲಿಲ್ಲ, ನಡೆದೇ ಬಂದರು. ಹತ್ತಿರ ಬಂದು ಕೈಗಳನ್ನು ಗಾಳಿಯಲ್ಲೇ ನಿಲ್ಲಿಸಿ, "ಸೈಕಲ್ ಹಿಡ್ಕೊಳ್ಳಲಾ, ನಿನ್ನ ಹಿಡ್ಕೊಳ್ಳಲಾ?" ಎಂದು ಕೇಳಿದರು.

ಆ ದಿನದ ಎಲ್ಲ ಆಘಾತಗಳಲ್ಲಿ ದೊಡ್ಡದು ಇದೇ. ಈ ಮನುಷ್ಯ ನನ್ನನ್ನು ಕೇಳುತ್ತಿದ್ದಾರೆ! ಬೆಳಿಗ್ಗೆಯಿಂದ ಪೊನ್ಮುಡಿ ಹತ್ತಿದ್ದು ನಾನೊಬ್ಬಳೇ ಎಂದುಕೊಂಡಿದ್ದೆ. ಆ ಬೇಲಿಯ ಪಕ್ಕ ಕೈ ಕಟ್ಟಿ ನಿಲ್ಲುವುದು ಅವರಿಗೆ ಎಷ್ಟು ತಿರುವಿನ ಬೆಟ್ಟವಾಗಿತ್ತೋ, ಅದಕ್ಕೆ ಯಾರೂ ಮುದ್ರೆ ಹಾಕಲಿಲ್ಲ.

"ನನ್ನ" ಎಂದೆ.

ಸೈಕಲ್ ದಡಾರನೆ ಬಿತ್ತು. ನಾವಿಬ್ಬರೂ ಅದರ ಕಡೆ ನೋಡಲಿಲ್ಲ.